ಮೀನಿನ ಹೆಸರಿನ ಇಂಡೆಕ್ಸುಗಳು

ನಾನು ಮೀನು ತಿನ್ನುವವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಇವಳಿಗೆ ಮೀನಿನ ವಾಸನೆಯೇ ಆಗದು ಅಂದುಕೊಂಡಾರು. ಭಾನುವಾರ ಬಂಗಡೆ ಸಾರು ಇಲ್ಲದಿದ್ದರೆ ಮುಖ ಊದಿಸಿಕೊಂಡು ಕೂರುವ ಮನೆಯಲ್ಲಿ ಬೆಳೆದವಳು ನಾನು. ಆದರೂ ಕುಮಟೆಯ ಬಸ್‌ಸ್ಟ್ಯಾಂಡಿನ ಹತ್ತಿರ, ಹಾರ್ಡ್‌ವೇರ್ ಅಂಗಡಿಯ ಮೇಲಿನ ಸಾಫ್ಟ್‌ವೇರ್ ಆಫೀಸಿಗೆ ಸೇರಿದ ಮೊದಲ ವಾರ, ಪರದೆಯ ಮೇಲೆ ಬಂಗಡೆ, ತಾರ್ಲೆ, ನೊಗಲಿ, ಶೆಟ್ಲಿ ಎಂಬ ಮೀನಿನ ಹೆಸರುಗಳು ಸಾಲಾಗಿ ಕಂಡಾಗ ನನಗೆ ನಗು ಬರಲಿಲ್ಲ. ಹೇಸಿಗೆ ಬಂತು.

ಅವು ನಮ್ಮ ಡೇಟಾಬೇಸಿನ ಇಂಡೆಕ್ಸುಗಳ ಹೆಸರು. ಗೊತ್ತಿಲ್ಲದವರಿಗೆ ಹೇಳುವುದಾದರೆ, ಡೇಟಾಬೇಸ್ ಅಂದರೆ ದೊಡ್ಡ ಗೋದಾಮು. ಬೇಕಾದ ಮೂಟೆ ಎಲ್ಲಿದೆ ಎಂದು ತೋರಿಸುವ ಫಲಕವೇ ಇಂಡೆಕ್ಸ್. ಫಲಕ ಇದ್ದರೆ ಯಂತ್ರ ನೇರ ಅಲ್ಲಿಗೇ ಹೋಗುತ್ತದೆ. ಇಲ್ಲದಿದ್ದರೆ ಬಾಗಿಲಿನಿಂದ ಶುರುಮಾಡಿ ಒಂದೊಂದೇ ಮೂಟೆ ಬಿಚ್ಚಿ ನೋಡುತ್ತ ಕೂರುತ್ತದೆ. ಯಾವ ಕೋಷ್ಟಕದ ಯಾವ ಕಾಲಮ್ಮುಗಳ ಮೇಲೆ, ಯಾವ ಕ್ರಮದಲ್ಲಿ ಈ ಫಲಕ ನಿಲ್ಲಬೇಕು ಎಂದು ನಾವು ಒಂದು ಸಾಲು ಬರೆಯುತ್ತೇವೆ. ಆ ಸಾಲನ್ನು ಯಂತ್ರ ಹೇಗಿದ್ದರೂ ಓದಿಕೊಳ್ಳುತ್ತದೆ. ಓದಲು ಬರಬೇಕಾದದ್ದು ನಾಳೆ ಆ ಕುರ್ಚಿಯಲ್ಲಿ ಬಂದು ಕೂರುವ ಮನುಷ್ಯನಿಗೆ.

ನಮ್ಮಲ್ಲಿ ಆ ಸಾಲು ಹೇಗಿತ್ತು ಗೊತ್ತೇ? ‘ತಾರ್ಲೆ: ಟಿ೭ರ ಮೇಲೆ, ಸಿ೩, ಸಿ೧೧, ಸಿ೪.’ ಇಷ್ಟೇ. ಟಿ೭ ಅಂದರೆ ಯಾವ ಕೋಷ್ಟಕ, ಸಿ೧೧ ಅಂದರೆ ಯಾವ ಕಾಲಮ್ಮು, ಈ ತಾರ್ಲೆಯನ್ನು ಯಾಕೆ ಕಟ್ಟಿದರು, ತೆಗೆದರೆ ಏನಾಗುತ್ತದೆ, ಒಂದೂ ತಿಳಿಯದು. ಅದರ ಕೆಳಗೆ ‘ಬಂಗಡೆ’. ಅದರ ಕೆಳಗೆ ‘ಹೆಸರುಕಾಳು’. ಹೆಸರುಕಾಳು ಎಂತಕ್ಕೆ ಎಂದು ಪಕ್ಕದ ಮೇಜಿನವನನ್ನು ಕೇಳಿದೆ. ಅವನು ಶಿರಾಲಿಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವ ಸಹೋದ್ಯೋಗಿ, ಸಾಧು ಮನುಷ್ಯ.

“ಸರ್ ಆ ದಿನ ಎಂತ ಉಂಡಿರ್ತ್ರೋ ಆ ಹೆಸರು ಇಡ್ತ್ರು. ಅದು ಸೋಮವಾರ ಕಟ್ಟಿದ್ದಿರ್ಬೇಕು,” ಅಂದ.

ಸರ್ ಅಂದರೆ ನಮ್ಮ ಧಣಿ. ಆಫೀಸನ್ನು ಕಟ್ಟಿದವರು ಅವರೇ. ಮೊದಲು ಎಲ್ಲ ಕೋಡನ್ನೂ ಒಬ್ಬರೇ ಕೂತು ಬರೆದವರು, ಅದನ್ನು ಅಲ್ಲಗಳೆಯುವುದಿಲ್ಲ. ಮಧ್ಯಾಹ್ನ ಮೇಜಿನ ಮೇಲೇ ಡಬ್ಬಿ ಬಿಚ್ಚಿ, ಒಂದು ಕೈಯಲ್ಲಿ ಊಟ, ಇನ್ನೊಂದು ಕೈಯಲ್ಲಿ ಕೀಬೋರ್ಡು. ಮುಳ್ಳುಗಳನ್ನು ಮೌಸಿನ ಪಕ್ಕ ಕಾಗದದ ಮೇಲೆ ಸಾಲಾಗಿ ಇಡುತ್ತಿದ್ದರು. ಆಮೇಲೆ ಅದೇ ಬೆರಳಿನಿಂದ ನಮ್ಮ ಪರದೆ ಮುಟ್ಟಿ “ಇಲ್ನೋಡು, ಇಲ್ಲಿ” ಎಂದು ತೋರಿಸುತ್ತಿದ್ದರು. ನನ್ನ ಪರದೆಯ ಬಲಮೂಲೆಯಲ್ಲಿ ಒಂದು ಎಣ್ಣೆಯ ಬೆರಳಚ್ಚು ಯಾವಾಗಲೂ ಇರುತ್ತಿತ್ತು. ಒರೆಸಿದರೆ ಮರುದಿನ ಮತ್ತೆ ಹಾಜರು. ಥೂ, ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಸೇರಿದ ಹೊಸತರಲ್ಲಿ ಒಂದು ದಿನ ಧೈರ್ಯ ಮಾಡಿ ಕೇಳಿದೆ: “ಸರ್, ಈ ಹೆಸರುಗಳನ್ನ ಓದೂಕೆ ಬರೂ ಹಾಂಗೆ ಬದಲಾಯಿಸ್ಲಾ?”

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ನಮ್ಮಪ್ಪ ದೋಣಿ ಇಟ್ಟವ. ಬಲೆ ತುಂಬಾ ಮೀನು ತಂದು ದಡಕ್ಕೆ ಹತ್ತಿದ್ರೆ ಎಲ್ರೂ ಕೇಳೂದು ಒಂದೇ, ಎಲ್ಲಿ ಸಿಕ್ತು ಅಂತ. ಅಪ್ಪ ಎಂತ ಹೇಳ್ತಿದ್ದ ಗೊತ್ತುಂಟಾ? ಸಮುದ್ರದಲ್ಲಿ ಅಂತಿದ್ದ. ಜಾಗ ಹೇಳಿದವ ಮರುದಿನ ಖಾಲಿ ಬಲೆ ಎಳೀತ. ನಾಳೆ ಭಟ್ಕಳದಲ್ಲಿ ಕುಂತವ ನಮ್ಮ ಕೋಡು ನೋಡಿದ್ರೂ ಅವ್ನಿಗೆ ಎಂತದೂ ತಿಳೀಬಾರ್ದು. ತಿಳೀತಾ?”

ಭಟ್ಕಳದಲ್ಲಿ ನಮ್ಮಂಥದೇ ಇನ್ನೊಂದು ಸಣ್ಣ ಆಫೀಸು ಇತ್ತು. ಅವರ ಭಯ ಅದು. ಭಟ್ಕಳದವನಿಗೆ ತಿಳಿಯದ ಹಾಗೆ ಮಾಡಿದ್ದು ಸರಿಯೇ ಇರಲಿ, ಅವರದೇ ಸಂಬಳ ತಿನ್ನುವ ನಮಗೂ ತಿಳಿಯದ ಹಾಗೆ ಮಾಡಿದ್ದರು. ಯಾವ ಮೀನು ಯಾವ ಕೆಲಸಕ್ಕೆ ಎಂಬುದು ಅವರ ತಲೆಯೊಳಗೆ ಮಾತ್ರ. ಅದೇ ಅವರಿಗೆ ದೊಡ್ಡಸ್ತಿಕೆ. ಏನಾದರೂ ಕೆಟ್ಟರೆ ಎಲ್ಲರೂ ಓಡಿಹೋಗಿ ಅವರ ಮುಂದೆ ನಿಲ್ಲಬೇಕು, ಅವರು ಕುರ್ಚಿಯಲ್ಲಿ ಹಿಂದಕ್ಕೆ ವಾಲಿ “ಹ್ಞೂಂ, ಅದು ನೊಗಲಿ” ಅನ್ನಬೇಕು. ಆ ‘ಹ್ಞೂಂ’ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹೊಟ್ಟೆಪಾಡು, ಸುಮ್ಮನಿದ್ದೆ. ಸುಮ್ಮನಿರಲು ಆಗದ ಹಾಗೆ ಮಾಡಿದ್ದು ನನ್ನ ಚಿಕ್ಕಮ್ಮ.

ಚಿಕ್ಕಮ್ಮ ಅಮ್ಮನ ತಂಗಿ, ಬಾಡದವಳು. ಅವಳ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಕುಮಟೆಯಲ್ಲಿ ಜಾಗ ಖಾಲಿ ಇರಲಿಲ್ಲವಾದ್ದರಿಂದ ಹೊನ್ನಾವರದ ಒಂದು ಆಸ್ಪತ್ರೆಯಲ್ಲಿ ಡಯಾಲಿಸಿಸ್ ಮಾಡಿಸುತ್ತಿದ್ದಳು. ಬಾಡದಿಂದ ಕುಮಟೆಗೆ ಒಂದು ಬಸ್ಸು, ಕುಮಟೆಯಿಂದ ಹೊನ್ನಾವರಕ್ಕೆ ಇನ್ನೊಂದು. ರಕ್ತ ಸೋಸಿ ಮುಗಿಯುವಷ್ಟರಲ್ಲಿ ಅರ್ಧ ದಿನ. ಸಂಜೆ ಬಾಡಕ್ಕೆ ಹೋಗುವ ಕೊನೆಯ ಬಸ್ಸು ತಪ್ಪಿದರೆ ಆಟೋದವನಿಗೆ ಕೈಮುಗಿಯಬೇಕು, ಅವನೂ ಆ ಹೊತ್ತಿಗೆ ಬರುವುದು ಅನುಮಾನ. ಹಾಗಾಗಿ ಬಸ್ಸಿಗೆ ಹೊತ್ತಾದರೆ ಅವಳೇ ನರ್ಸಿಗೆ “ಸಾಕು, ತೆಗ್ದ್ಬಿಡಿ” ಅನ್ನುವವಳು. ಬೇಗ ತೆಗೆದರೆ ಮೈಯೊಳಗಿನ ನೀರು ಅಲ್ಲೇ ಉಳಿಯುತ್ತದೆ. ಉಳಿದ ನೀರು ಎದೆಗೆ ಏರುತ್ತದೆ, ಮಲಗಿದರೆ ಉಸಿರು ಕಟ್ಟುತ್ತದೆ. ಅವಳಿಗೆ ಆ ಡಯಾಲಿಸಿಸ್ ಕುರ್ಚಿಯ ಮೇಲಿನ ಪೂರ್ತಿ ಹೊತ್ತು ಅನ್ನ ನೀರಿಗಿಂತ ದೊಡ್ಡದಾಗಿತ್ತು.

ಆ ಆಸ್ಪತ್ರೆಯ ಡಯಾಲಿಸಿಸ್ ವಿಭಾಗದಲ್ಲಿ ಓಡುತ್ತಿದ್ದದ್ದು ನಮ್ಮ ಸಾಫ್ಟ್‌ವೇರ್. ಯಾರಿಗೆ ಯಾವ ಯಂತ್ರ, ಯಾರ ಫಿಲ್ಟರ್ ಯಾವುದು, ಯಾರ ರಕ್ತದಲ್ಲಿ ಸೋಂಕು ಇದೆ, ಯಾರನ್ನು ಬೇರೆ ಯಂತ್ರದಲ್ಲಿ ಕೂರಿಸಬೇಕು ಎಲ್ಲ ಅದರಲ್ಲೇ. ಪರದೆಯಲ್ಲಿ ಪಟ್ಟಿ ನೋಡದೆ ಸೂಜಿ ಚುಚ್ಚಬಾರದೆಂದು ಅಲ್ಲಿನ ಕಟ್ಟುನಿಟ್ಟು. ಅದು ಸರಿಯಾದ ಕಟ್ಟುನಿಟ್ಟೇ. ಒಬ್ಬರ ಫಿಲ್ಟರ್ ಇನ್ನೊಬ್ಬರಿಗೆ ಹೋದರೆ ಗತಿ ಏನು? ಚಿಕ್ಕಮ್ಮನಿಗಂತೂ ಅದು ಭಾರೀ ಹೆಮ್ಮೆ. ಪಕ್ಕದ ಕುರ್ಚಿಯವರಿಗೆಲ್ಲ “ಈ ಕಂಪ್ಯೂಟರ್ ಉಂಟಲ್ಲ, ಇದು ನಮ್ಮ ಅಕ್ಕನ ಮಗಳು ಮಾಡಿದ್ದು” ಎಂದು ಹೇಳಿಕೊಂಡು ತಿರುಗುತ್ತಿದ್ದಳು. ಅದರೊಳಗೆ ಮೀನಿನ ಪೇಟೆಯೇ ತುಂಬಿದೆ ಎಂದು ನಾನು ಅವಳಿಗೆ ಯಾವತ್ತೂ ಹೇಳಿರಲಿಲ್ಲ.

ಮಳೆಗಾಲ ಮುಗಿದ ಹೊಸತು. ಸರ್ವರಿನಲ್ಲಿ ಜಾಗ ತುಂಬಿಹೋಗಿದೆ ಎಂದು ಧಣಿಗಳು ಶಿರಾಲಿಯವನಿಗೆ, “ಬೇಡದ್ದೆಲ್ಲ ತೆಗೆದು ಸ್ವಚ್ಛ ಮಾಡು” ಅಂದರು. ಯಾವುದು ಬೇಕು, ಯಾವುದು ಬೇಡ? ಅದನ್ನು ಹೇಳಲಿಲ್ಲ. ಮರುದಿನ ಬೆಳಿಗ್ಗೆ ಮಿರ್ಜಾನದಲ್ಲಿ ಸಂಬಂಧಿಕರ ಮನೆ ಒಕ್ಕಲು ಎಂದು ಹೊರಟೇಹೋದರು. ಪಾಪ, ಅವನು ಕೂತು ನೋಡಿದ. ಒಂದು ‘ತಾರ್ಲೆ’, ಇನ್ನೊಂದು ‘ತಾರ್ಲೆ೨’. ಒಂದರಲ್ಲಿ ಸಿ೩, ಸಿ೧೧, ಸಿ೪. ಇನ್ನೊಂದರಲ್ಲಿ ಸಿ೪, ಸಿ೧೧, ಸಿ೩. ಅವವೇ ಮೂರು ಕಾಲಮ್ಮು.

“ಎರಡೆರಡು ತಾರ್ಲೆ ಎಂತಕ್ಕೆ ಮಾರಾಯ್ತಿ? ಒಂದಿನ ಉಳ್ದದ್ದನ್ನ ಮರುದಿನ ಬಿಸಿ ಮಾಡಿ ಉಂಡಿದ್ರಾ ಎಂತ?” ಅಂದ. ಎಲ್ಲರೂ ನಕ್ಕರು. ಅವನು ಹಳೆಯ ತಾರ್ಲೆಯನ್ನು ತೆಗೆದುಹಾಕಿದ. ಅದರ ಜೊತೆಗೆ ಇನ್ನೂ ಕೆಲವು ಮೀನು ಹೋದವು.

ಸ್ವಲ್ಪ ಹೊತ್ತಿಗೆಲ್ಲ ಹೊನ್ನಾವರದಿಂದ ನರ್ಸಿನ ಫೋನು. ಇವತ್ತಿನ ಪಟ್ಟಿ ತೆರೆಯುತ್ತಿಲ್ಲ, ಪರದೆಯಲ್ಲಿ ಚಕ್ರ ತಿರುಗುತ್ತಲೇ ಇದೆ, ರೋಗಿಗಳು ಬೆಂಚಿನ ಮೇಲೆ ಕೂತಿದ್ದಾರೆ. ಅದರ ಬೆನ್ನಿಗೇ ಚಿಕ್ಕಮ್ಮನ ಫೋನು.

“ತಂಗೀ, ಇಲ್ಲೆಂತದೋ ಕಂಪ್ಯೂಟರ್ ಕೆಟ್ಟದ್ಯಂತೆ. ನಿಮ್ಮದೇ ಅಲ್ವಾ ಅದು? ಸ್ವಲ್ಪ ಬೇಗ ನೋಡೇ. ಹೊತ್ತಾದ್ರೆ ಬಸ್ಸು ಸಿಗೂದಿಲ್ಲ.”

“ಈಗ ಆಗ್ತದೆ ಚಿಕ್ಕಮ್ಮ, ಒಂದ್ ಗಳಿಗೆ,” ಅಂದೆ.

ಶಿರಾಲಿಯವನ ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತು. ತೆಗೆದದ್ದರ ಹೆಸರು ನೆನಪಿದೆ, ಸಾಲು ನೆನಪಿಲ್ಲ. ಸಿ೩ ಮೊದಲೋ, ಸಿ೪ ಮೊದಲೋ, ಬೇರೆಯವುಗಳಲ್ಲಿ ಏನಿತ್ತೋ. ಹಳೆಯ ಪ್ರತಿ ಧಣಿಗಳ ಲ್ಯಾಪ್‌ಟಾಪಿನಲ್ಲಿ, ಲ್ಯಾಪ್‌ಟಾಪು ಅವರ ಕಾರಿನಲ್ಲಿ, ಕಾರು ಮಿರ್ಜಾನದಲ್ಲಿ. ಫೋನು ಮಾಡಿದೆ. ಎತ್ತಿದರು. ಹಿಂದಿನಿಂದ ಬಾಳೆಲೆಗೆ ನೀರು ಚಿಮುಕಿಸುವವರ ಗಲಾಟೆ, ಮಕ್ಕಳ ಕೂಗು.

“ಸರ್, ತಾರ್ಲೆ ಎಂತದು? ಹೊನ್ನಾವರದ್ದು ನಿಂತುಹೋಗ್ಯದೆ. ಜನ ಕಾಯ್ತಾ ಇದ್ದಾರೆ.”

“ಯಾರು ತೆಗೆದದ್ದು?”

“ಅದು ಆಮೇಲೆ ಆಗ್ಲಿ ಸರ್. ಯಾವ ಕಾಲಮ್ಮು ಎಂತದು ಹೇಳಿ, ನಾನು ಕಟ್ತೆ.”

ಅವರು ದನಿ ತಗ್ಗಿಸಿದರು. “ಇಲ್ಲಿ ಸುತ್ತ ಜನ ಇದ್ದಾರೆ. ಭಟ್ಕಳದವ್ನ ಭಾವನೂ ಇದೇ ಪಂಕ್ತಿಯಲ್ಲಿ ಕುಂತಿದ್ದಾನೆ. ಫೋನಲ್ಲಿ ಹೇಳೂ ವಿಷ್ಯ ಅಲ್ಲ ಅದು. ಊಟ ಮುಗಿಸಿ ಬಂದು ನೋಡ್ವ.”

ಫೋನು ಇಟ್ಟರು. ಇಟ್ಟೇಬಿಟ್ಟರು! ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರಲ್ಲ, ಹಾಗೆ. ಮನುಷ್ಯರ ರಕ್ತ ಸೋಸುವ ಕೆಲಸ ನಿಂತು ಕೂತಿದೆ, ಇವರಿಗೆ ಭಟ್ಕಳದವನ ಭಾವನ ಕಿವಿಯ ಚಿಂತೆ. ಅದೂ ಏನು ಗುಟ್ಟು? ಆಮೇಲೆ ತಿಳಿಯಿತು, ಸಿ೩ ಅಂದರೆ ದಿನಾಂಕ ಎಂಬ ಗುಟ್ಟು!

ನಾವಿಬ್ಬರೂ ಕೂತೆವು. ಟಿ೭ ಬಿಚ್ಚಿ, ಒಳಗಿನ ಸಾಲುಗಳನ್ನು ನೋಡಿ, ಇದು ದಿನಾಂಕ ಇರಬೇಕು, ಇದು ಯಂತ್ರ ಇರಬೇಕು, ಇದು ರೋಗಿ ಇರಬೇಕು ಎಂದು ಊಹಿಸುತ್ತ ಹೋದೆವು. ಊಹೆ ಸರಿಯೇ ಎಂದು ನೋಡಲು ನಾನು ಚಿಕ್ಕಮ್ಮನದೇ ವಿವರ ಹುಡುಕಿದೆ. ಅವಳು ಡಯಾಲಿಸಿಸ್‌ಗೆ ಹೋಗುವ ದಿನಗಳು ನನಗೆ ಬಾಯಿಪಾಠ ಇದ್ದವಲ್ಲ. ಹೊಂದಿಕೆಯಾಯಿತು. ಆಗ ತಿಳಿಯಿತು, ಎರಡು ತಾರ್ಲೆ ಒಂದೇ ಅಲ್ಲವೇ ಅಲ್ಲ. ನಮ್ಮ ಕಡೆ ಮನೆ ಹುಡುಕುವವರು ಮೊದಲು ಊರು ಕೇಳಬೇಕು, ಆಮೇಲೆ ಕೇರಿ, ಆಮೇಲೆ ಮನೆ. ‘ಮೇಲಿನಮನೆ ಎಲ್ಲಿ’ ಎಂದು ಶುರುಮಾಡಿದರೆ ಮುಗಿಯಿತು ಕತೆ, ಊರೂರಿಗೂ ಒಂದೊಂದು ಮೇಲಿನಮನೆ ಇದೆ. ಹಳೆಯ ತಾರ್ಲೆ ದಿನದಿಂದ ಶುರುವಾಗಿ ಯಂತ್ರಕ್ಕೆ, ಅಲ್ಲಿಂದ ರೋಗಿಗೆ ಹೋಗುತ್ತಿತ್ತು. ಇವತ್ತು ಯಾರು ಯಾವ ಕುರ್ಚಿಗೆ ಎಂಬುದು ಅದರಿಂದಲೇ ತಟ್ಟನೆ ಸಿಗುತ್ತಿದ್ದದ್ದು. ತಾರ್ಲೆ೨ ಶುರುವಾಗುತ್ತಿದ್ದದ್ದು ರೋಗಿಯಿಂದ. ಒಬ್ಬರ ಹಳೆಯ ವಿವರ ನೋಡಲು ಅದು ಸರಿ, ಇವತ್ತಿನ ಪಟ್ಟಿಗೆ ಏನೂ ಪ್ರಯೋಜನ ಇಲ್ಲ. ಇಷ್ಟನ್ನು ಹೆಸರಿನಲ್ಲೇ ಬರೆದಿದ್ದರೆ ಒಂದನೇ ಕ್ಲಾಸಿನ ಮಗುವೂ ಅದನ್ನು ಕೀಳುತ್ತಿರಲಿಲ್ಲ.

ಮೊದಲು ಆ ಹಳೆಯ ತಾರ್ಲೆಯನ್ನೇ ಮತ್ತೆ ಕಟ್ಟಲು ಕೊಟ್ಟೆ. ಹಳೆಯ ದಾಖಲೆಗಳ ರಾಶಿ ದೊಡ್ಡದು, ಯಂತ್ರವೂ ಕಟ್ಟಲು ಹೊತ್ತು ತೆಗೆದುಕೊಂಡಿತು. ಊರಿನ ಗಡಿಯಾರಗಳೆಲ್ಲ ಆ ದಿನ ನನ್ನ ತಲೆಯ ಮೇಲೇ ಹೊಡೆದುಕೊಂಡ ಹಾಗಿತ್ತು. ಕೊನೆಗೆ ಹೊನ್ನಾವರದಲ್ಲಿ ಪಟ್ಟಿ ತೆರೆಯಿತು. ನರ್ಸು “ಬಂತು ಬಂತು” ಎಂದು ಕೂಗಿದ್ದು ಕೇಳಿ ಶಿರಾಲಿಯವನು ಮೇಜಿನ ಮೇಲೆ ತಲೆಯಿಟ್ಟುಕೊಂಡ.

ಬಂದದ್ದೇನೋ ಬಂತು, ಹೊತ್ತು ಹೋಗಿತ್ತು. ಚಿಕ್ಕಮ್ಮನನ್ನು ಮಧ್ಯಾಹ್ನ ದಾಟಿದ ಮೇಲೆ ಕುರ್ಚಿಗೆ ಹತ್ತಿಸಿದರು. ಕೊನೆಯ ಬಸ್ಸಿನ ಹೆದರಿಕೆಗೆ ಅವಳು ಅರ್ಧಕ್ಕೇ ಬಿಡಿಸಿಕೊಂಡು ಹೊರಟಳು. ಇದು ನನಗೆ ಆಮೇಲೆ ಗೊತ್ತಾಯಿತು. ನಾನು ನಮ್ಮ ಮನೆಗೆ ಬಾ, ಇಲ್ಲೇ ಕುಮಟೆಯಲ್ಲಿ ಉಳಿ ಎಂದು ಹೇಳಲು ಫೋನು ಹಚ್ಚುವಷ್ಟರಲ್ಲಿ ಅವಳು ಬಾಡದ ಬಸ್ಸಿನಲ್ಲಿ ಕೂತಾಗಿತ್ತು.

ಧಣಿಗಳು ಬಂದದ್ದು ಸಂಜೆಯ ಹೊತ್ತಿಗೆ. ಬಾಯಿತುಂಬ ಎಲೆಯಡಿಕೆ, ಅಂಗಿಯ ಮೇಲೆ ಪಾಯಸದ ಕಲೆ. “ಆತಾ?” ಅಂದರು.

“ಆತು,” ಅಂದೆ.

“ನೋಡು, ಆತಲ್ಲ! ನೀವು ಸುಮ್ನೆ ಗಡಿಬಿಡಿ ಮಾಡೂದು.” ಆಮೇಲೆ ಶಿರಾಲಿಯವನ ಕಡೆ ತಿರುಗಿ, ಎಲ್ಲರೆದುರಿಗೆ, ತಲೆ ಇಲ್ಲದವನೇ ಎಂದು ಶುರುಮಾಡಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಅವನು ತಲೆ ತಗ್ಗಿಸಿ ನಿಂತಿದ್ದ. ನನಗೆ ತಡೆಯಲಿಲ್ಲ.

“ಅವ್ನಿಗೆ ಯಾಕೆ ಬೈತ್ರಿ ಸರ್? ತಾರ್ಲೆ ಅಂತ ಬರೆದದ್ದನ್ನ ಓದಿ ಅವ್ನು ಎಂತ ತಿಳ್ಕಬೇಕಿತ್ತು? ಮುಳ್ಳು ಉಂಟು ಅಂತಾ?”

ಧಣಿಗಳು ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದರು.

ಅದಾಗಲೇ ನಾನು ಆ ಇಂಡೆಕ್ಸನ್ನು ಹೊಸ ಹೆಸರಿನಲ್ಲಿ ಕಟ್ಟಿದ್ದೆ. ‘ಡಯಾಲಿಸಿಸ್ ಪಟ್ಟಿ, ದಿನ ಯಂತ್ರ ರೋಗಿ’ ಎಂದು ಹೆಸರು. ಒಂದೇ ಸಾಲಿಗೆ ತುರುಕದೆ ಒಂದೊಂದು ಕಾಲಮ್ಮನ್ನು ಒಂದೊಂದು ಸಾಲಿಗೆ ಇಳಿಸಿದ್ದೆ. ಪಕ್ಕದಲ್ಲಿ ಸಿ೩ ಅಂದರೆ ಏನು, ಸಿ೧೧ ಅಂದರೆ ಏನು ಎಂದು ಬರೆದಿದ್ದೆ. ಮೇಲೆ ಕನ್ನಡದಲ್ಲಿ ಒಂದು ಟಿಪ್ಪಣಿ: ‘ಇದನ್ನು ತೆಗೆದರೆ ಹೊನ್ನಾವರದಲ್ಲಿ ಇವತ್ತಿನ ಪಟ್ಟಿ ತೆರೆಯುವುದಿಲ್ಲ, ರೋಗಿಗಳು ಬೆಂಚಿನ ಮೇಲೆ ಕಾಯುತ್ತಾರೆ.’

ಧಣಿಗಳು ಅದನ್ನು ಓದಿದರು. ಎಣ್ಣೆಬೆರಳಿನಿಂದ ಪರದೆ ಮುಟ್ಟಿಯೇ ಓದಿದರು.

“ಇದೆಂತ ಇದು, ಊರಿಗೆಲ್ಲ ಡಂಗುರ? ಜಾಗ ಹೇಳಿಬಿಟ್ಟೆಯಲ್ಲ.”

“ಹೇಳಬೇಕಾದ ಜಾಗವೇ ಸರ್ ಅದು.”

ಅವರು ಅದೊಂದನ್ನು ಅಳಿಸಲಿಲ್ಲ, ಬಹುಶಃ ಹೊನ್ನಾವರದವರು ಮತ್ತೆ ಫೋನು ಮಾಡಿಯಾರು ಎಂಬ ಹೆದರಿಕೆಗೆ. ಉಳಿದ ಮೀನುಗಳು ಹಾಗೇ ಇದ್ದವು.

ಮರುದಿನ ಬೆಳಿಗ್ಗೆ ಚಿಕ್ಕಮ್ಮನ ಪಕ್ಕದ ಮನೆಯವರ ಫೋನು. ಮಲಗಲಿಕ್ಕಾಗದೆ ಗೋಡೆಗೆ ಒರಗಿ ಕೂತೇ ಬೆಳಗು ಮಾಡಿದ್ದಾಳೆ, ಉಸಿರು ಸಿಗುತ್ತಿಲ್ಲ, ಕಾಲು ಊದಿದೆ. ಕಾರು ಮಾಡಿಸಿ ಹೊನ್ನಾವರಕ್ಕೆ ಕರೆದೊಯ್ದೆ. ದಾರಿಯುದ್ದಕ್ಕೂ ಅವಳು ಕಿಟಕಿಗೆ ಬಾಯಿ ಕೊಟ್ಟು, ದಡಕ್ಕೆ ಹಾಕಿದ ಮೀನು ಬಾಯಿ ತೆಗೆದ ಹಾಗೆ ಉಸಿರೆಳೆಯುತ್ತಿದ್ದಳು. ದೇವರ ದಯೆ, ತಕ್ಷಣ ಯಂತ್ರ ಹಚ್ಚಿದರು. ಮಧ್ಯಾಹ್ನದ ಹೊತ್ತಿಗೆ ಮುಖಕ್ಕೆ ಬಣ್ಣ ಬಂತು, ಮಾತೂ ಬಂತು.

ನಾನು ಪಕ್ಕದ ಸ್ಟೂಲಿನ ಮೇಲೆ ಕೂತು ಹೇಗೆ ಶುರುಮಾಡಲಿ, ಏನು ಹೇಳಲಿ ಎಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಅವಳೇ ನನ್ನ ಕೈ ಹಿಡಿದುಕೊಂಡಳು.

“ಯಾರತ್ರನೂ ಹೇಳ್ಬೇಡ ತಂಗೀ. ನನ್ನದೇ ತಪ್ಪು.”

“ಎಂತದು?”

“ಮೊನ್ನೆ ಗಂಜಿಗೆ ಒಂದ್ ಚೂರು ಒಣ ಶೆಟ್ಲಿ ಚಟ್ನಿ ನೆಕ್ಕಿದೆ. ಡಾಕ್ಟ್ರು ಉಪ್ಪಿಂದು ಮುಟ್ಟಬೇಡ ಅಂದಿದ್ರು. ನಾಲಿಗೆ ಕೇಳ್ಲಿಲ್ಲ. ಅದ್ಕೇ ಹೀಂಗಾತು. ದೇವ್ರು ನೋಡ್ತ, ಅಲ್ವಾ?”

“ಅಲ್ಲ ಚಿಕ್ಕಮ್ಮ. ಒಂದ್ ಚೂರು ಚಟ್ನಿಗೆ ಇಷ್ಟೆಲ್ಲ ಆಗೂದಿಲ್ಲ. ನಿನ್ನೆ ನಿಂಗೆ ಅರ್ಧಕ್ಕೇ ತೆಗೆದ್ರಲ್ಲ, ಅದ್ಕೆ ಆದದ್ದು. ತಪ್ಪು ನಮ್ಮ ಆಫೀಸಿಂದು. ಅಲ್ಲಿ ಒಂದು ಹೆಸ್ರು ಸರಿ ಇಟ್ಟಿರ್ಲಿಲ್ಲ, ಅದ್ಕೆ ಪಟ್ಟಿ ಬರ್ಲಿಲ್ಲ.”

ಅವಳು ನನ್ನನ್ನು ಎಳೆಮಗುವನ್ನು ನೋಡುವ ಹಾಗೆ ನೋಡಿದಳು. “ಹೋಗೇ, ನಂಗೆ ಬೇಜಾರಾಗಬಾರ್ದು ಅಂತ ಹೇಳ್ತಿ. ಹೆಸ್ರು ಸರಿ ಇಲ್ದಿದ್ರೆ ಯಾರಿಗಾದ್ರೂ ಉಸ್ರು ಕಟ್ತದಾ?”

ಎಷ್ಟು ಹೇಳಿದರೂ ನಂಬಲಿಲ್ಲ. ಮನೆಗೆ ಬಿಟ್ಟು ಬರುವಾಗ ಅಡುಗೆಮನೆಯ ಮೇಲಿನ ಹಲಗೆಯಿಂದ ಒಂದು ಸ್ಟೀಲ್ ಡಬ್ಬಿ ಇಳಿಸಿ ನನ್ನ ಕೈಗೆ ಕೊಟ್ಟಳು. ಬೇಸಿಗೆಯಲ್ಲಿ ಅವಳೇ ಅಂಗಳದಲ್ಲಿ ಕೂತು, ಕಾಗೆ ಓಡಿಸುತ್ತ ಒಣಗಿಸಿದ ಶೆಟ್ಲಿ, ಅಂದರೆ ಸೀಗಡಿ. ವರ್ಷದ ಏಕೈಕ ಆಸೆ. “ಇದು ಮನೇಲಿ ಇದ್ರೆ ನಾ ಮತ್ತೆ ಮುಟ್ತೆ. ತಿನ್ನೋರಿಗೆ ಕೊಟ್ಬಿಡು,” ಅಂದಳು.

ಮರುದಿನ ಆ ಡಬ್ಬಿಯನ್ನು ತೆಗೆದುಕೊಂಡು ಹೋಗಿ ಧಣಿಗಳ ಮೇಜಿನ ಮೇಲೆ, ಮೌಸಿನ ಪಕ್ಕದಲ್ಲಿ, ಟಣ್ ಎಂದು ಇಟ್ಟೆ. ನಡೆದದ್ದನ್ನೆಲ್ಲ ಹೇಳಿದೆ. ಅವರು ಉಂಡು ಎಲೆಯಡಿಕೆ ಹಾಕಿ ಬರುವಷ್ಟು ಹೊತ್ತಿನಲ್ಲಿ ಒಬ್ಬಳು ಅರ್ಧಕ್ಕೇ ಎದ್ದು ಬಸ್ಸು ಹತ್ತಿದ್ದನ್ನೂ, ಕೂತೇ ಬೆಳಗು ಮಾಡಿದ್ದನ್ನೂ, ಅದೆಲ್ಲ ತನ್ನ ನಾಲಿಗೆಯ ತಪ್ಪು ಎಂದು ಈಗಲೂ ನಂಬಿಕೊಂಡಿರುವುದನ್ನೂ ಹೇಳಿದೆ.

ಧಣಿಗಳು ಕೇಳಿಸಿಕೊಂಡರು. ಇಲ್ಲವೆನ್ನಲಾರೆ. “ಛೆ, ಪಾಪ,” ಅಂದರು. ಆಮೇಲೆ ಡಬ್ಬಿಯ ಮುಚ್ಚಳ ತೆಗೆದರು. ಮೂಗಿನ ಹತ್ತಿರ ತಂದು ಉಸಿರೆಳೆದುಕೊಂಡರು. ಒಂದು ಶೆಟ್ಲಿ ತೆಗೆದು ಬಾಯಿಗೆ ಹಾಕಿದರು.

“ಚೊಲೋ ಒಣಗ್ಸಿದ್ದಾರೆ. ಮರಳೇ ಇಲ್ಲ. ಎಲ್ಲಿ ಸಿಗ್ತದೆ ಇದು?”

ಥೂ! ಅದೇ ಬಾಯಿ, ಅದೇ ಬೆರಳು. ಸಮುದ್ರದಲ್ಲಿ ಅನ್ನಬೇಕೆಂದು ನಾಲಿಗೆಯ ತುದಿಗೆ ಬಂತು. ಅನ್ನಲಿಲ್ಲ. ಊರು ಬಾಡ ಎಂದೆ. ಆಮೇಲೆ ಕೇರಿ ಹೇಳಿದೆ, ಆಮೇಲೆ ಮನೆ ಹೇಳಿದೆ, ಅಂಗಳದಲ್ಲಿ ನುಗ್ಗೆಮರ ಇದೆ ಎಂದೂ ಹೇಳಿದೆ. “ಒಂದ್ಸಲ ಹೋಗಿ ನೋಡ್ಕಂಡು ಬನ್ನಿ ಸರ್,” ಅಂದೆ.

ಅವರು ಹೋಗಲಿಲ್ಲ. ಡಬ್ಬಿ ಮಾತ್ರ ಸಂಜೆ ಅವರ ಚೀಲ ಸೇರಿತು. ಅದರ ಮರುವಾರ ಕೋಡಿನಲ್ಲಿ ಒಂದು ಹೊಸ ಇಂಡೆಕ್ಸ್ ಕಂಡಿತು. ಹೆಸರು ‘ಶೆಟ್ಲಿ೨’. ಅದನ್ನು ನೋಡಿ ನಾನು ಎದ್ದು ಹೋಗಿ ಬಚ್ಚಲಿನಲ್ಲಿ ಮುಖ ತೊಳೆದುಕೊಂಡು ಬಂದೆ. ಆ ಸಂಜೆಯೇ ಶಿರಾಲಿಯವನೂ ನಾನೂ ಕೂತು ಒಂದೊಂದೇ ಮೀನಿಗೆ ಅರ್ಥ ಹಚ್ಚಿ ಬರೆಯಲು ಶುರುಮಾಡಿದೆವು. ಧಣಿಗಳನ್ನು ಕೇಳಲಿಲ್ಲ.

ಮುಂದಿನ ಸರದಿಗೆ ನಾನೇ ಚಿಕ್ಕಮ್ಮನ ಜೊತೆ ಹೊನ್ನಾವರಕ್ಕೆ ಹೋದೆ. ನರ್ಸು ಪಟ್ಟಿ ತೆರೆದು, ನೋಡಿ, ಅವಳನ್ನು ಕುರ್ಚಿಗೆ ಕರೆದಳು. ಸೂಜಿ ಚುಚ್ಚಿಸಿಕೊಂಡು ಆರಾಮವಾಗಿ ಒರಗಿದ ಮೇಲೆ ಅವಳಿಗೆ ಡಬ್ಬಿಯ ನೆನಪಾಯಿತು.

“ಶೆಟ್ಲಿ ಯಾರಿಗೆ ಕೊಟ್ಟೆ?”

“ನಮ್ಮ ಸರ್‌ಗೆ.”

“ಸೇರ್ತಾ ಅವ್ರಿಗೆ?”

“ಸೇರ್ತು,” ಅಂದೆ. ಹಲ್ಲು ಕಚ್ಚಿಕೊಂಡೇ ಅಂದೆ.

ಚಿಕ್ಕಮ್ಮನ ಮುಖ ಅರಳಿತು. “ಪಾಪ, ತಿನ್ಲಿ. ದಿನಾ ನಮ್ಮಂಥೋರ ಸಲುವಾಗಿ ದುಡಿಯೂ ಜನ. ಮುಂದಿನ ಬೇಸ್ಗೆಗೆ ಇದ್ರೆ ಇನ್ನೊಂದ್ ಡಬ್ಬಿ ಒಣಗ್ಸಿ ಕೊಡ್ತೆ ಅಂತ ಹೇಳು.”